ಎರಡು ದೇಶದ ನದಿಗೆ ಒಂದು ವರ್ಷದ ನೀರಿನ ಪ್ಲ್ಯಾನ್ ಹಾಕೋದು ಹೇಗೆ

ಮೇಲ್ಗಡೆ ಒಂದು ದೇಶ, ಕೆಳಗಡೆ ಇನ್ನೊಂದು, ಮಧ್ಯೆ ಸಾಲಾಗಿ ಡ್ಯಾಮ್‌ಗಳು. ಇಂಥ ನದಿಗೆ ವರ್ಷದ ಪ್ಲ್ಯಾನ್ ಹಾಕೋರಿಗೆ ನಾನು ಮೊದಲು ಹೇಳೋದು ಇಷ್ಟೇ: ಚೌಕಾಸಿ ಏನಿದ್ರೂ ಡ್ಯಾಮ್ ತುಂಬಿರುವಾಗ್ಲೇ ಮುಗಿಸ್ಕೊಳ್ಳಿ. ನೀರು ತಳ ಕಂಡ್ಮೇಲೆ ಯಾರೂ ಪಟ್ಟು ಸಡಿಲಿಸಲ್ಲ. ಕೊಲಂಬಿಯಾ ನದಿ ವಿಷಯದಲ್ಲಿ ಕೆನಡಾ, ಅಮೆರಿಕ ಮಾಡ್ಕೊಂಡಿರೋ ಏರ್ಪಾಟು ಇದಕ್ಕೆ ಒಳ್ಳೇ ಉದಾಹರಣೆ. ಒಪ್ಪಂದಕ್ಕೆ ಸಹಿ ಬಿದ್ದಿದ್ದು 1961ರಲ್ಲಿ, ಜಾರಿಗೆ ಬಂದಿದ್ದು 1964ರಲ್ಲಿ, ಅದರ ಪ್ರಕಾರ ಪ್ರತಿ ವರ್ಷ ಕೂತು ಮುಂದಿನ ಆರನೇ ವರ್ಷದ ಪ್ಲ್ಯಾನನ್ನ ಈಗ್ಲೇ ಒಪ್ಕೋಬೇಕು, ಆ ವರ್ಷ ಹತ್ರ ಬಂದಾಗ ಇಬ್ಬರಿಗೂ ಲಾಭ ಆಗೋ ಹಾಗಿದ್ರೆ ಅದನ್ನ ತಿದ್ದಿ ಇನ್ನೂ ವಿವರವಾದ ಪ್ಲ್ಯಾನ್ ಮಾಡ್ಕೋಬಹುದು. ತಿದ್ದೋದಕ್ಕೆ ಒಪ್ಪಿಗೆ ಸಿಗ್ಲಿಲ್ವಾ, ಹಳೇದು ಹೇಗೂ ಇದ್ದೇ ಇರತ್ತೆ.

ಮೊದಲ ಕೆಲಸ, ವರ್ಷ ಎಲ್ಲಿಂದ ಶುರು ಅಂತ ತೀರ್ಮಾನ ಮಾಡಿ. ಕ್ಯಾಲೆಂಡರ್ ವರ್ಷ ಇದಕ್ಕೆ ಆಗಲ್ಲ. ಕೊಲಂಬಿಯಾದಲ್ಲಿ ಆಗಸ್ಟ್ 1ರಿಂದ ಜುಲೈ 31, ಯಾಕಂದ್ರೆ ಹಿಮ ಕರಗಿ ಡ್ಯಾಮ್ ತುಂಬೋದು ಬೇಸಿಗೇಲಿ, ಆಮೇಲೆ ಚಳಿಗಾಲ ಪೂರ್ತಿ ಕರೆಂಟಿಗೆ ಖಾಲಿ ಮಾಡೋದು. ನಿಮ್ಮ ನದಿ ಯಾವಾಗ ತುಂಬತ್ತೋ ಅದು ಮುಗಿದ ತಿಂಗಳಿಂದ ಲೆಕ್ಕ ಶುರು ಮಾಡಿ.

ಆಮೇಲೆ ಎರಡೂ ಕಡೆಯವರು ಒಂದೇ ಟೇಬಲ್ ಇಟ್ಕೋಬೇಕು: ಇಷ್ಟು ಮಟ್ಟ ಇದ್ರೆ ಇಷ್ಟು ನೀರು ಅಂತ. ಹೂಳು ತುಂಬಿ ಹಳೇ ಟೇಬಲ್ ಸುಳ್ಳಾಗಿರತ್ತೆ, ಒಬ್ಬರ ಹತ್ರ ಹೊಸ ಸರ್ವೆ ಇನ್ನೊಬ್ಬರ ಹತ್ರ ಹಳೇದು ಅಂತಾದ್ರೆ ಒಂದೇ ಡ್ಯಾಮಲ್ಲಿ ಎರಡು ಥರ ನೀರು ಕಾಣತ್ತೆ. ಗಡಿ ಹತ್ರ ಹರಿವು ಅಳೆಯೋ ಜಾಗ ಯಾವುದು, ಯಾರು ಅಳೀತಾರೆ ಅನ್ನೋದೂ ಬರವಣಿಗೇಲಿ ಇರ್ಲಿ.

ಒಳಹರಿವಿನ ಲೆಕ್ಕದಲ್ಲಿ ತುಂಬಾ ಜನ ಸರಾಸರಿ ಹಿಡ್ಕೊಂಡು ಕೂರ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಸರಾಸರಿ ವರ್ಷಕ್ಕೆ ಪ್ಲ್ಯಾನ್ ಇಲ್ದಿದ್ರೂ ಹೇಗೋ ನಡಿಯತ್ತೆ. ಹಳೇ ದಾಖಲೆ ತೆಗೆದು ಬೆನ್ನು ಬೆನ್ನಿಗೆ ನೀರು ಕೈಕೊಟ್ಟ ವರ್ಷಗಳನ್ನ ಹುಡುಕಿ, ಅದೇ ಹರಿವು ಮತ್ತೆ ಬಂದ್ರೆ ನಿಮ್ಮ ಡ್ಯಾಮ್ ಸ್ಥಿತಿ ಏನಾಗತ್ತೆ ಅಂತ ಲೆಕ್ಕ ಹಾಕಿ ನೋಡಿ. ಕೊಲಂಬಿಯಾದವರು ಇದಕ್ಕೆ ಇಟ್ಕೊಂಡಿದ್ದು 1928ರಿಂದ 1932ರವರೆಗಿನ ಕೊರತೆ ವರ್ಷಗಳನ್ನ. ಇನ್ನೊಂದು ತುದಿಗೆ ಪ್ರವಾಹ, 1948ರ ಮೇ 30ರಂದು ಒರೆಗಾನ್‌ನ ವ್ಯಾನ್‌ಪೋರ್ಟ್ ಅನ್ನೋ ಊರೇ ಕೊಚ್ಚಿಹೋಯ್ತು, ಒಪ್ಪಂದದ ಮಾತುಕತೆಗೆ ಅದೂ ಒಂದು ದೊಡ್ಡ ಕಾರಣ.

ಈಗ ಗೆರೆಗಳು. ಪ್ರತಿ ತಿಂಗಳಿಗೆ ಡ್ಯಾಮಿಗೆ ಎರಡು ಮಟ್ಟ ಬೇಕು, ಪ್ರವಾಹಕ್ಕೆ ಜಾಗ ಬಿಡೋಕೆ ಇದಕ್ಕಿಂತ ಮೇಲೆ ಹೋಗಬಾರದು ಅನ್ನೋದು ಮೇಲಿನ ಗೆರೆ, ಮತ್ತೆ ತುಂಬೋ ಭರವಸೆ ಉಳಿಬೇಕಂದ್ರೆ ಇದಕ್ಕಿಂತ ಕೆಳಗೆ ಇಳೀಬಾರದು ಅನ್ನೋದು ಕೆಳಗಿನ ಗೆರೆ. ನಡುವೆ ಇರೋದೇ ನಿಮ್ಮ ಸ್ವಾತಂತ್ರ್ಯ. ಉದಾಹರಣೆಗೆ ತಿಂಗಳ ಶುರುವಲ್ಲಿ 60 ಟಿಎಂಸಿ ಇದೆ, 8 ಬರತ್ತೆ, 15 ಬಿಡ್ತೀರ, 1 ಆವಿ ಆಗತ್ತೆ ಅನ್ಕೊಳ್ಳಿ, ಉಳಿಯೋದು 52. ಕೆಳಗಿನ ಗೆರೆ 50 ಇದ್ರೆ ಪರವಾಗಿಲ್ಲ. ಆದ್ರೆ ಬಂದಿದ್ದು ಬರೀ 5 ಆದ್ರೆ 49ಕ್ಕೆ ಇಳಿಯತ್ತೆ, ಅಂದ್ರೆ ಬಿಡೋದನ್ನ 14ಕ್ಕೆ ಇಳಿಸ್ಲೇಬೇಕು, ಆ ಒಂದು ಟಿಎಂಸಿ ಯಾರ ಪಾಲಲ್ಲಿ ಕಡಿಮೆ ಆಗತ್ತೆ ಅನ್ನೋದನ್ನ ಪ್ಲ್ಯಾನಲ್ಲೇ ಬರೆದಿಟ್ಟಿರ್ಬೇಕು, ಆ ದಿನ ಫೋನಲ್ಲಿ ತೀರ್ಮಾನ ಮಾಡೋ ವಿಷಯ ಅಲ್ಲ ಅದು. ಹನ್ನೆರಡು ತಿಂಗಳಿಗೂ ಹೀಗೇ ಮಾಡಿ, ಕೊರತೆ ವರ್ಷ, ಸಾಧಾರಣ ವರ್ಷ, ಭಾರಿ ನೀರಿನ ವರ್ಷ ಮೂರಕ್ಕೂ.

ಹಿಮದ ನದಿ ಆದ್ರೆ ಜನವರಿಯಿಂದ ತಿಂಗಳಿಗೊಂದ್ಸಲ ಅಂದಾಜು ಪರಿಷ್ಕರಿಸಿ ಮೇಲಿನ ಗೆರೆ ಬದಲಾಯಿಸಿ. ಜನವರಿ ಅಂದಾಜನ್ನ ಪೂರ್ತಿ ನಂಬೋಕಾಗಲ್ಲ, ಏಪ್ರಿಲ್ ಹೊತ್ತಿಗೆ ಬೆಟ್ಟದ ಮೇಲೆ ಎಷ್ಟು ಹಿಮ ಇದೆ ಅನ್ನೋದು ಸುಮಾರಾಗಿ ಸ್ಪಷ್ಟ ಆಗಿರತ್ತೆ.

ಕರೆಂಟು, ಪ್ರವಾಹ ಎರಡೇ ನೋಡಿದ್ರೆ ಸಾಲದು, ನನಗೆ ಈ ಭಾಗ ತುಂಬಾ ಮುಖ್ಯ ಅನ್ಸತ್ತೆ. ಕೆನಡಾದ ಕೀನ್ಲಿಸೈಡ್ ಡ್ಯಾಮ್ ಕೆಳಗೆ ವೈಟ್‌ಫಿಶ್ ಅನ್ನೋ ಮೀನು ಚಳಿಗಾಲದಲ್ಲಿ ಮೊಟ್ಟೆ ಇಡತ್ತೆ. ಆಗ ಜಾಸ್ತಿ ನೀರು ಬಿಟ್ಟು ಆಮೇಲೆ ಗಕ್ಕನೆ ಇಳಿಸಿದ್ರೆ ದಂಡೆ ಕಲ್ಲಿನ ನಡುವೆ ಇದ್ದ ಮೊಟ್ಟೆ ಒಣಗಿಹೋಗತ್ತೆ. ಅದಕ್ಕೇ ಎರಡು ದೇಶದವರು ಕೂತು, ಮೊಟ್ಟೆ ಇಡೋ ಟೈಮಲ್ಲಿ ಹರಿವು ಮಿತಿಯಲ್ಲಿಟ್ಟು ಆಮೇಲೆ ಜಾಸ್ತಿ ಇಳಿಸದೇ ಇರೋ ಹಾಗೆ ಬೇರೆ ಒಪ್ಪಂದಾನೇ ಮಾಡ್ಕೊಂಡಿದಾರೆ. ನಿಮ್ಮ ನದೀಲಿ ಯಾವ ಜೀವಕ್ಕೆ ಯಾವ ತಿಂಗಳು ಸೂಕ್ಷ್ಮ ಅಂತ ಗೊತ್ತಿರೋರನ್ನ ಮೊದಲೇ ಕರೆಸಿ.

ಪ್ಲ್ಯಾನ್ ನಡೆಸೋಕೆ ಎರಡೂ ಕಡೆ ಹೆಸರಿಟ್ಟ ಸಂಸ್ಥೆ ಇರ್ಬೇಕು. ಕೊಲಂಬಿಯಾದಲ್ಲಿ ಕೆನಡಾ ಕಡೆಯಿಂದ ಬಿ.ಸಿ. ಹೈಡ್ರೋ ಅನ್ನೋ ವಿದ್ಯುತ್ ಸಂಸ್ಥೆ, ಅಮೆರಿಕ ಕಡೆಯಿಂದ ಬಾನ್‌ವಿಲ್ ಪವರ್ ಅಡ್ಮಿನಿಸ್ಟ್ರೇಷನ್ ಅನ್ನೋ ಸರ್ಕಾರಿ ವಿದ್ಯುತ್ ಸಂಸ್ಥೆ ಮತ್ತೆ ಆರ್ಮಿ ಇಂಜಿನಿಯರ್‌ಗಳು, ಇವರ ಮೇಲೆ ಕಣ್ಣಿಡೋಕೆ ಎರಡೂ ದೇಶದ ಇಂಜಿನಿಯರ್‌ಗಳ ಮಂಡಳಿ ಬೇರೆ. ವಾರಕ್ಕೊಂದ್ಸಲ ಮಾತಾಡಿ ಮುಂದಿನ ವಾರ ಎಷ್ಟು ಬಿಡೋದು ಅಂತ ಬರೆದುಕೊಳ್ಳಿ. ಯಾರಾದ್ರೂ ಪ್ಲ್ಯಾನಿಗಿಂತ ಜಾಸ್ತಿ ಹಿಡಿದಿಟ್ಕೊಂಡ್ರೆ ಅದು ಸಾಲ, ಯಾವ ತಾರೀಕಿಗೆ ವಾಪಸ್ ಬಿಡ್ತಾರೆ ಅನ್ನೋದೂ ಅದರ ಜೊತೆಗೇ ಬರ್ಲಿ.

ಕೊನೇದಾಗಿ, ಒಪ್ಪಂದದಲ್ಲಿ ಯಾವ ಷರತ್ತು ಯಾವಾಗ ಮುಗಿಯತ್ತೆ ಅಂತ ನೋಡ್ಕೊಳ್ಳಿ. ಕೊಲಂಬಿಯಾದಲ್ಲಿ ಕೆನಡಾ ಡ್ಯಾಮ್‌ಗಳು ಒಟ್ಟು 1.55 ಕೋಟಿ ಎಕರೆ ಅಡಿ, ಅಂದ್ರೆ ಸುಮಾರು 675 ಟಿಎಂಸಿ ಜಾಗ ಒದಗಿಸಿದ್ವು, ಅದರಲ್ಲಿ ಪ್ರವಾಹದ ನೀರು ಹಿಡಿದಿಡೋಕೆ ಅಂತ ಅಮೆರಿಕ ಮುಂಗಡ ದುಡ್ಡು ಕೊಟ್ಟು ಪಡೆದಿದ್ದ ಖಾತ್ರಿ ಜಾಗದ 60 ವರ್ಷ 2024ರ ಸೆಪ್ಟೆಂಬರ್‌ಗೆ ಮುಗೀತು. ಒಪ್ಪಂದದ ಮೂಲ ಷರತ್ತು ನೋಡಿದ್ರೆ ಅಲ್ಲಿಂದ ಮುಂದೆ ಅಮೆರಿಕ ಮೊದಲು ತನ್ನ ಡ್ಯಾಮ್‌ಗಳನ್ನ ಬಳಸ್ಕೊಂಡು, ಅದೂ ಸಾಲ್ದಿದ್ರೆ ಮಾತ್ರ ಕೆನಡಾನ ಕೇಳಿ, ಅದಕ್ಕೆ ದುಡ್ಡು ಕಟ್ಬೇಕು. ಇಂಥ ತಾರೀಕು ನಿಮ್ಮ ವರ್ಷದ ಮಧ್ಯೆ ಬರೋ ಹಾಗಿದ್ರೆ ಆ ದಿನಕ್ಕೆ ಮುಂಚೆ ಒಂದು ಗೆರೆ, ಆಮೇಲೆ ಒಂದು ಗೆರೆ, ಎರಡನ್ನೂ ಬೇರೆ ಬೇರೆ ಹಾಕಿ.