ಕಲ್ಲಿನೊಳಗಿನ ಮರ ಉಳಿಸಿಕೊಳ್ಳುವ ಕೆಲಸ: ಶಜರ್ ಅಗೇಟ್ ಜೊತೆ ನನ್ನ ಅನುಭವ

ಹಾಲುಬಿಳಿ ಕಲ್ಲು. ಬೆಳಕಿಗೆ ಹಿಡಿದರೆ ಒಳಗೆ ಕಪ್ಪು ಮರ ಕಾಣುತ್ತದೆ. ಬುಡ, ಕಾಂಡ, ಕೊಂಬೆ, ಕೊಂಬೆಯ ತುದಿಯಲ್ಲಿ ಮತ್ತೆ ಸಣ್ಣ ಕೊಂಬೆ. ಯಾರೂ ಬಿಡಿಸಿದ್ದಲ್ಲ. ಇದನ್ನು ಉತ್ತರ ಪ್ರದೇಶದ ಕಡೆ ಶಜರ್ ಅಂತಾರೆ, ಕಲ್ಲಿನ ವ್ಯಾಪಾರದಲ್ಲಿ ಡೆಂಡ್ರಿಟಿಕ್ ಅಗೇಟ್. ಕಾರವಾರದ ಮನೆಯ ಹಿಂದಿನ ಜಗುಲಿಯಲ್ಲಿ ಒಂದು ಸಣ್ಣ ಗರಗಸ, ಒಂದು ಸಾಣೆ ಮಷಿನ್ ಇಟ್ಟುಕೊಂಡಿದ್ದೇನೆ. ಬೇರೆ ಬೇರೆ ಕಲ್ಲು ಕೊಯ್ದಿದ್ದೇನೆ, ಆದರೆ ಮನಸ್ಸು ನಿಂತಿದ್ದು ಇದರ ಮೇಲೆ. ಇದರಲ್ಲಿ ಕೈಕೆಲಸಕ್ಕಿಂತ ನೋಡುವ ಕೆಲಸ ಜಾಸ್ತಿ. ಆ ಮರ ಇರುವುದು ತೀರಾ ತೆಳುವಾದ ಒಂದು ಪದರದಲ್ಲಿ. ಪದರ ಎಷ್ಟು ಆಳದಲ್ಲಿದೆ, ಯಾವ ಕಡೆ ವಾಲಿದೆ ಅಂತ ತಿಳಿಯದೆ ಬ್ಲೇಡ್ ಇಟ್ಟರೆ ಮರ ಪುಡಿಯಾಗಿ ನೀರಿನ ಜೊತೆ ಹರಿದುಹೋಗುತ್ತದೆ.

ನಾನು ಈ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಜನ ಮಾಜಾಳಿ, ತಿಳಮಾತಿ ಕಡೆ ದಂಡೆಯಲ್ಲಿ ಆರಿಸಿದ ಕಲ್ಲು ತಂದು ಕೊಡುತ್ತಾರೆ. ಇದರಲ್ಲೂ ಮರ ಇದೆಯಾ ನೋಡಿ ಅಂತಾರೆ. ಬಹಳಷ್ಟು ಬಿಳಿ ಬೆಣಚುಕಲ್ಲು. ಬೆಣಚುಕಲ್ಲೂ ಅಗೇಟೂ ಒಂದೇ ಸಿಲಿಕಾ. ಆದರೆ ಅಗೇಟಿನ ಹರಳು ಕಣ್ಣಿಗೆ ಕಾಣದಷ್ಟು ಸಣ್ಣದು, ಒತ್ತೊತ್ತಾಗಿ ಹೆಣೆದುಕೊಂಡಿರುತ್ತದೆ. ಅದಕ್ಕೇ ಅದಕ್ಕೆ ಆ ಮೃದುವಾದ ಹೊಳಪು. ನಮ್ಮ ಕಾರವಾರದ ಬಂಡೆಗಳು ಗ್ರಾನೈಟ್ ಮತ್ತು ನೈಸ್ ಜಾತಿಯವು, 250 ಕೋಟಿ ವರ್ಷಕ್ಕೂ ಹಳೆಯವು. ಅವುಗಳ ಮೇಲೆ ಚಿರೆಕಲ್ಲು. ಅಗೇಟ್ ಹುಟ್ಟಲು ಬೇಕಾದ ಪೊಳ್ಳು ಜಾಗ ಅವುಗಳಲ್ಲಿ ಸಿಗುವುದು ಕಷ್ಟ.

ಆ ಜಾಗ ಇರುವುದು ಘಟ್ಟ ಹತ್ತಿ ಬೆಳಗಾವಿ ದಾಟಿದ ಮೇಲೆ ಹರಡಿಕೊಂಡಿರುವ ಕಪ್ಪು ಕಲ್ಲಿನ ಸೀಮೆಯಲ್ಲಿ. ಅದೇ ಡೆಕ್ಕನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿಕೊಂಡು ಲಾವಾ ಹರಿಯಿತು, ಪದರದ ಮೇಲೆ ಪದರ. ಇವತ್ತಿಗೂ ಅದು ಸುಮಾರು 5 ಲಕ್ಷ ಚದರ ಕಿ.ಮೀ. ನೆಲ ಮುಚ್ಚಿಕೊಂಡಿದೆ. ಕಾವಲಿಗೆ ಹೊಯ್ದ ನೀರುದೋಸೆಯಲ್ಲಿ ತೂತು ಬೀಳುತ್ತದಲ್ಲ, ಹಾಗೆ ಲಾವಾ ಆರುವಾಗ ಅದರೊಳಗಿನ ಅನಿಲ ಗುಳ್ಳೆ ಬಿಟ್ಟು ಹೋಯಿತು. ಆಮೇಲೆ ಸಿಲಿಕಾ ಕರಗಿದ ನೀರು ಬಂಡೆಯೊಳಗೆ ಜಿನುಗಿ ಆ ಗುಳ್ಳೆಗಳನ್ನು ನಿಧಾನಕ್ಕೆ ತುಂಬಿತು. ಗುಜರಾತಿನ ರತನ್‌ಪುರದ ಗಣಿಯಿಂದ ಬರುವ ಅಗೇಟ್ ಕೂಡ ಮೂಲದಲ್ಲಿ ಈ ಲಾವಾದ್ದೇ. ಲಾವಾ ಸವೆದು, ಅಗೇಟ್ ಮಾತ್ರ ಸವೆಯದೆ ಉಳಿದು, ಹೊಳೆಕಲ್ಲಾಗಿ ಉರುಳಿ ಮತ್ತೆ ಮಣ್ಣಲ್ಲಿ ಹೂತುಕೊಂಡಿತ್ತು.

ಇನ್ನು ಮರ. ಶಿರಸಿಯಿಂದ ಬಂದ ನಮ್ಮ ಅತ್ತೆ ಒಂದು ತುಂಡನ್ನು ಕಿಟಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದರು: "ಇದರೊಳಗೆ ಗಿಡ ಹ್ಯಾಂಗೆ ಹೋತು ತಮಾ?"

ಗಿಡ ಹೋಗಿಲ್ಲ. ಇದು ಪಳೆಯುಳಿಕೆ ಅಲ್ಲ, ಎಲೆಯ ಅಚ್ಚೂ ಅಲ್ಲ. ಕಪ್ಪು ಇದ್ದರೆ ಅದು ಮ್ಯಾಂಗನೀಸ್ ಆಕ್ಸೈಡ್. ಕಂದು, ಕೆಂಪು ಇದ್ದರೆ ಸಾಮಾನ್ಯವಾಗಿ ಕಬ್ಬಿಣದ್ದು. ನಮ್ಮ ಜೋಯಿಡಾ, ಯಲ್ಲಾಪುರದ ಕಾಡುಗಳಲ್ಲಿ ಹಿಂದೆ ಗಣಿ ತೋಡಿ ತೆಗೆಯುತ್ತಿದ್ದರಲ್ಲ, ಅದೇ ಮ್ಯಾಂಗನೀಸ್. ಅಲ್ಲಿ ಲಾರಿಗಟ್ಟಲೆ ಅದಿರು, ಇಲ್ಲಿ ಒಂದು ಚಿಟಿಕೆಗೂ ಕಡಿಮೆ. ಈ ಲೋಹ ಕರಗಿದ ನೀರು ಕಲ್ಲಿನ ಕೂದಲೆಳೆ ಸೀಳಿನಲ್ಲಿ ಹರಡುತ್ತದೆ. ಒಂದು ಕಡೆ ಕಣ ಕೂರಲು ಶುರುವಾದರೆ, ಮುಂದಕ್ಕೆ ಚಾಚಿದ ತುದಿಗೆ ಹೊಸ ಸರಕು ಮೊದಲು ಸಿಗುತ್ತದೆ. ಹಿಂದಿನ ಸಂದಿಗೆ ಸಿಗುವುದೇ ಇಲ್ಲ. ಹಾಗಾಗಿ ತುದಿ ಬೆಳೆಯುತ್ತದೆ, ಕವಲೊಡೆಯುತ್ತದೆ, ಆ ಕವಲೂ ಕವಲೊಡೆಯುತ್ತದೆ. ಸೀಳಿನಲ್ಲಿ ಬೆಳೆದರೆ ಚಪ್ಪಟೆ ಮರ. ಸಿಲಿಕಾ ಇನ್ನೂ ಮೆತ್ತಗಿದ್ದಾಗಲೇ ಬೆಳೆದಿದ್ದರೆ ಎಲ್ಲ ದಿಕ್ಕಿಗೂ ಹಬ್ಬಿ ಪಾಚಿಯಾಗಿ ಕಾಣುತ್ತದೆ. ಅದನ್ನು ಮಾಸ್ ಅಗೇಟ್ ಅಂತಾರೆ. ಅತ್ತೆಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಕಲ್ಲನ್ನು ಮತ್ತೆ ಕಿಟಕಿಗೆ ಹಿಡಿದರು.

ಶಜರ್‌ಗೆ ಹೆಸರಾದ ಊರು ಉತ್ತರ ಪ್ರದೇಶದ ಬಾಂದಾ. ಅಲ್ಲಿ ಕೆನ್ ನದಿಯ ತಳದಲ್ಲಿ ಈ ಉರುಟು ಕಲ್ಲು ಸಿಗುತ್ತದೆ. ಅಲ್ಲಿಯ ಶಜರ್ ಕುಸುರಿಗೆ 2023ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಕೊಯ್ಯುವ ಕಸುಬು ದೊಡ್ಡದಾಗಿ ಬೆಳೆದಿದ್ದು ಗುಜರಾತಿನ ಖಂಬಾತಿನಲ್ಲಿ. ಅದೇ ಖಂಬಾತ್ ಕೊಲ್ಲಿಯ ಸೀಮೆಯ ಲೋಥಾಲ್‌ನಲ್ಲಿ ಹರಪ್ಪಾ ಕಾಲದ ಮಣಿ ಮಾಡುವ ಕಾರ್ಖಾನೆಯೇ ಸಿಕ್ಕಿದೆ. ನಾನು ಕಚ್ಚಾ ಕಲ್ಲು ತರಿಸುವುದು ಬಾಂದಾ ಮತ್ತು ಖಂಬಾತಿನಿಂದ.

ಪಾರ್ಸೆಲ್ ಬಂದ ಕೂಡಲೇ ಗರಗಸದ ಹತ್ತಿರ ಹೋಗುವುದಿಲ್ಲ. ಬಕೆಟ್ ನೀರಿಗೆ ಹಾಕುತ್ತೇನೆ. ಒಣಗಿದ್ದಾಗ ಹೊರಮೈ ಮಬ್ಬು, ಏನೂ ಕಾಣುವುದಿಲ್ಲ. ಒದ್ದೆಯಾದರೆ ಒಳಗೆ ತೆರೆದುಕೊಳ್ಳುತ್ತದೆ. ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ನಿಧಾನಕ್ಕೆ ತಿರುಗಿಸಬೇಕು. ಮರದ ಪದರದ ಅಂಚು ಮಾತ್ರ ಕಾಣುವ ಕೋನದಲ್ಲಿ ಅದು ಬರೀ ಒಂದು ಕಪ್ಪು ಗೆರೆ. ನನಗೆ ಬೇಕಾಗಿದ್ದು ಆ ಗೆರೆಯೇ. ಗರಗಸ ಅದಕ್ಕೆ ಸಮಾನಾಂತರವಾಗಿ ಹೋಗಬೇಕು, ಗೆರೆಯಿಂದ ಸ್ವಲ್ಪ ದೂರದಲ್ಲಿ. ಬ್ಲೇಡ್ ತಾನೇ ಒಂದು ಮಿ.ಮೀ. ಆಸುಪಾಸು ಕಲ್ಲು ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗುರುತು ಮಾಡಲು ಅಲ್ಯೂಮಿನಿಯಂ ತಂತಿಯ ತುಂಡು ಸಾಕು. ಪೆನ್ನಿನ ಗುರುತು ನೀರಲ್ಲಿ ಹೋಗುತ್ತದೆ, ಇದು ಹೋಗುವುದಿಲ್ಲ.

ಕೊಯ್ಯುವುದು, ಅರೆಯುವುದು ಎಲ್ಲವೂ ನೀರು ಹರಿಸುತ್ತಲೇ. ಇದರಲ್ಲಿ ರಾಜಿ ಇಲ್ಲ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಖಂಬಾತಿನಲ್ಲಿ ಒಣ ಸಾಣೆ ಹಿಡಿದ ಎಷ್ಟೋ ಕೆಲಸಗಾರರು ಸಿಲಿಕೋಸಿಸ್‌ನಿಂದ ತೀರಿಕೊಂಡಿದ್ದಾರೆ. ಅಂಗೈ ಮೇಲಿನ ಚಂದದ ಕಲ್ಲಿನ ಹಿಂದೆ ಆ ಜೀವಗಳೂ ಇವೆ. ನಾನು ಮಾಸ್ಕನ್ನೂ ಹಾಕುತ್ತೇನೆ. ಜಗುಲಿ ತೊಳೆಯುವುದೂ ನೀರಲ್ಲೇ, ಒಣ ಪೊರಕೆ ಮುಟ್ಟಿಸುವುದಿಲ್ಲ.

ಐದಾರು ಮಿ.ಮೀ. ದಪ್ಪದ ಬಿಲ್ಲೆ ಬಂದ ಮೇಲೆ ನಿಜವಾದ ಯೋಚನೆ ಶುರು. ರಟ್ಟಿನಲ್ಲಿ ಮೊಟ್ಟೆಯಾಕಾರದ ಕಿಂಡಿ ಕತ್ತರಿಸಿ ಬಿಲ್ಲೆಯ ಮೇಲೆ ಸರಿಸುತ್ತೇನೆ. ಮರ ನಡುವೆ ನಿಲ್ಲಬೇಕಾ, ಪಕ್ಕಕ್ಕೆ ಬೇಕಾ? ಬುಡದಲ್ಲಿ ನೆಲದ ಹಾಗೆ ಕಾಣುವ ಕಂದು ಗೆರೆ ಸೇರಿಸಲಾ? ನನ್ನ ಪ್ರಕಾರ ಮರದ ಮೇಲೆ ಖಾಲಿ ಜಾಗ ಬೇಕು. ಇಡೀ ಕಲ್ಲು ಕೊಂಬೆಯಿಂದ ತುಂಬಿದ್ದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಆಮೇಲೆ ಗುಮ್ಮಟದ ಆಕಾರ, ಕ್ಯಾಬ್ ಅಂತಾರಲ್ಲ ಅದು. ಹೊಸಬರು ಮರವನ್ನು ಮೇಲ್ಮೈಗೆ ತರಲು ನೋಡುತ್ತಾರೆ. ನಾನು ಅದನ್ನು ತಳದ ಹತ್ತಿರ ಉಳಿಸುತ್ತೇನೆ. ಅದಕ್ಕೆ ಎರಡು ಕಾರಣ. ಗುಮ್ಮಟ ಮಾಡುವಾಗ ಅಂಚಿನಲ್ಲಿ ಜಾಸ್ತಿ ಕಲ್ಲು ಹೋಗುತ್ತದೆ. ಮರ ಮೇಲಿದ್ದರೆ ಅದರ ಕೊಂಬೆಯ ತುದಿಗಳು ಮೊದಲು ಹೋಗುತ್ತವೆ, ಬೋಳು ಕಾಂಡ ಉಳಿಯುತ್ತದೆ. ಎರಡನೆಯದು, ಅಗೇಟಿನ ಗಡಸುತನ ಮೋಸ್ ಅಳತೆಯಲ್ಲಿ 6.5ರಿಂದ 7. ಒಳಗಿನ ಮ್ಯಾಂಗನೀಸ್ ಅಷ್ಟು ಗಟ್ಟಿಯಲ್ಲ. ಅದು ಮೇಲ್ಮೈಗೆ ಬಂದರೆ ಪಾಲಿಶ್ ಮಾಡುವಾಗ ಅಲ್ಲಿ ಮಾತ್ರ ಸವೆದು ಸಣ್ಣ ಸಣ್ಣ ಗುಳಿ ಬೀಳುತ್ತದೆ. ಮೇಲೆ ಸ್ವಚ್ಛ ಕಲ್ಲಿನ ಹೊದಿಕೆ ಇದ್ದರೆ ಹೊಳಪು ಒಂದೇ ಸಮ ಬರುತ್ತದೆ, ಒಳಗಿನ ಮರಕ್ಕೂ ಆಳ ಬರುತ್ತದೆ. ಆದರೆ ಮೇಲಿನ ಕಲ್ಲು ಮಬ್ಬಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಹೊದಿಕೆ ತೆಳುವಾಗಿಸಿ, ಗುಮ್ಮಟ ಬಿಟ್ಟು ಬಹುತೇಕ ಚಪ್ಪಟೆಯಾಗಿಯೇ ಮುಗಿಸುತ್ತೇನೆ.

ಬಿಲ್ಲೆಯನ್ನು ಕಡ್ಡಿಗೆ ಅಂಟಿಸಲು ಅರಗು ಸಾಕು, ಅಕ್ಕಸಾಲಿಗರು ಬಳಸುವಂಥದ್ದೇ. ಸಾಣೆ ಚಕ್ರಕ್ಕೆ ನಂಬರ್ ಇರುತ್ತದೆ, ನಂಬರ್ ಹೆಚ್ಚಿದಷ್ಟೂ ನುಣುಪು. 80ರ ಚಕ್ರದಲ್ಲಿ ಆಕಾರ, 220ರಲ್ಲಿ ತಿದ್ದುವುದು, ಆಮೇಲೆ 600, 1200, 3000. ಕೊನೆಗೆ ಚರ್ಮದ ಮೇಲೆ ಸೀರಿಯಂ ಆಕ್ಸೈಡ್ ಅನ್ನುವ ಪಾಲಿಶ್ ಪುಡಿ. 220 ಮುಗಿದಾಗ ಕಲ್ಲನ್ನು ಪೂರ್ತಿ ಒರೆಸಿ, ಆರಿಸಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಲೇಬೇಕು. ಒದ್ದೆ ಕಲ್ಲಿನಲ್ಲಿ ಗೀರು ಕಾಣುವುದಿಲ್ಲ. ಇಲ್ಲಿ ಬಿಟ್ಟ ಗೀರು ಮುಂದೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಹೊಳಪು ಬಂದ ಮೇಲೆ ಎದ್ದು ಕಾಣುತ್ತದೆ.

ಕರಾವಳಿಯಲ್ಲಿ ಈ ಕೆಲಸಕ್ಕೆ ಒಂದು ಬೇರೆಯೇ ಕಷ್ಟ ಇದೆ. ಉಪ್ಪುಗಾಳಿಗೆ ಮಷಿನ್ನಿನ ಶಾಫ್ಟ್ ತುಕ್ಕು ಹಿಡಿಯುತ್ತದೆ. ಪ್ರತಿ ಸಲ ಒರೆಸಿ ಗ್ರೀಸ್ ಹಚ್ಚಬೇಕು. ಆಷಾಢದ ಮಳೆಯಲ್ಲಿ ಪಾಲಿಶ್ ಚರ್ಮಕ್ಕೆ ಬೂಷ್ಟು ಬರುತ್ತದೆ, ಅದಕ್ಕೇ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಹಾಗಾಗಿ ಆ ತಿಂಗಳುಗಳು ಕಲ್ಲು ನೋಡುವುದಕ್ಕೆ, ಗುರುತು ಮಾಡುವುದಕ್ಕೆ.

ಸಂಗ್ರಹಕಾರರು ಈ ಕಲ್ಲಿಗೆ ಯಾಕೆ ಸೋಲುತ್ತಾರೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ವಜ್ರದಲ್ಲಿ ಗಾತ್ರ, ಬಣ್ಣ, ಶುದ್ಧತೆ ಅಳೆಯಬಹುದು. ಒಳಗೆ ಏನಾದರೂ ಇದ್ದರೆ ಬೆಲೆ ಇಳಿಯುತ್ತದೆ. ಇಲ್ಲಿ ಒಳಗೆ ಇರುವುದಕ್ಕೇ ಬೆಲೆ. ಒಂದರ ಹಾಗೆ ಇನ್ನೊಂದು ಇಲ್ಲ. ಈ ಹುಚ್ಚು ಇವತ್ತಿನದಲ್ಲ. ಪ್ರಾಚೀನ ಗ್ರೀಸಿನ ಪಿರಸ್ ರಾಜನ ಉಂಗುರದ ಅಗೇಟಿನಲ್ಲಿ ಅಪೊಲೋ ದೇವರು ಮತ್ತು ಒಂಬತ್ತು ಕಲಾದೇವಿಯರು ತಾವಾಗಿ ಮೂಡಿದ್ದರಂತೆ. ನಂಬುವುದು ಕಷ್ಟ, ಆದರೆ ಕಲ್ಲಿನಲ್ಲಿ ಚಿತ್ರ ಹುಡುಕುವ ಆಸೆ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. ಕೊಳ್ಳುವವರು ನೋಡುವುದು ಕಪ್ಪು ಬಿಳುಪು ಎಷ್ಟು ಸ್ಪಷ್ಟ, ಕೊಂಬೆ ತುಂಡಾಗದೆ ತುದಿವರೆಗೆ ಇದೆಯಾ, ಸೀಳು ಇದೆಯಾ ಅಂತ. ಸೀಳಿನ ಬಗ್ಗೆ ಎಚ್ಚರ ಬೇಕು. ಮರ ಬೆಳೆದ ಪದರವೇ ಕೆಲವೊಮ್ಮೆ ದುರ್ಬಲ ಜಾಗ, ಪೆಟ್ಟು ಬಿದ್ದರೆ ಅಲ್ಲೇ ಬಿಚ್ಚಿಕೊಳ್ಳುತ್ತದೆ.

ನಕಲಿಯೂ ಇದೆ. ಬಣ್ಣ ಹಾಕಿದ್ದು, ಎರಡು ಬಿಲ್ಲೆಗಳ ನಡುವೆ ಚಿತ್ರ ಇಟ್ಟು ಅಂಟಿಸಿದ್ದು, ಬರೀ ಗಾಜು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಒಂದಿದ್ದರೆ ಸಾಕು. ಬಣ್ಣ ಹಾಕಿದ್ದಾದರೆ ಬಣ್ಣ ಸೀಳುಗಳಲ್ಲಿ ದಟ್ಟವಾಗಿ ಕೂತಿರುತ್ತದೆ. ಅಂಟಿಸಿದ್ದಾದರೆ ಪಕ್ಕದಿಂದ ನೋಡಿದಾಗ ಸುತ್ತಲೂ ಒಂದು ನೇರ ಗೆರೆ ಕಾಣುತ್ತದೆ. ಗಾಜಿನಲ್ಲಿ ದುಂಡು ಗುಳ್ಳೆ ಇರಬಹುದು. ನಿಜವಾದ ಕೊಂಬೆಯ ಅಂಚು ನಯವಾಗಿರುವುದಿಲ್ಲ, ಲೂಪಿನಲ್ಲಿ ಅದೂ ಕವಲು ಕವಲಾಗಿ ಕಾಣುತ್ತದೆ.

ಬೆಳ್ಳಿಗೆ ಕೂರಿಸಲು ನಾನು ಊರಿನ ಅಕ್ಕಸಾಲಿ ಶೇಟರ ಹತ್ತಿರ ಕೊಡುತ್ತೇನೆ. ಹಿಂಬದಿ ತೆರೆದಿಡಿ ಅಂತ ಪ್ರತಿ ಸಲ ಹೇಳುತ್ತೇನೆ. ಹಿಂದೆ ತಗಡು ಮುಚ್ಚಿದರೆ ಬೆಳಕು ಹಾಯುವುದಿಲ್ಲ, ಮರ ಮಂಕಾಗುತ್ತದೆ. ತೆರೆದಿದ್ದರೆ ಕುತ್ತಿಗೆಯಿಂದ ತೆಗೆದು ಬೆಳಕಿಗೆ ಹಿಡಿಯಬಹುದು. ಕೊಂಡವರೆಲ್ಲ ಅದನ್ನೇ ಮಾಡುತ್ತಾರೆ.

ನೀವೂ ಕೊಯ್ಯಲು ಶುರು ಮಾಡುವುದಾದರೆ ಮೊದಲು ಮಾಸ್ ಅಗೇಟ್ ತರಿಸಿ. ಅದರಲ್ಲಿ ಪಾಚಿ ಎಲ್ಲ ಕಡೆ ಹಬ್ಬಿರುತ್ತದೆ, ಯಾವ ಆಳದಲ್ಲಿ ಕೊಯ್ದರೂ ಏನಾದರೂ ಸಿಗುತ್ತದೆ. ಅಗ್ಗವೂ ಹೌದು. ಕೈ ಕೂತ ಮೇಲೆ ಚಪ್ಪಟೆ ಮರದ ಕಲ್ಲಿಗೆ ಬನ್ನಿ. ಗರಗಸಕ್ಕಿಂತ ಮೊದಲು ಒಳ್ಳೆಯ ಟಾರ್ಚ್ ಕೊಳ್ಳಿ.