ಕುಂತಿ ಬೆಟ್ಟದಲ್ಲಿ ಒಂದು ಸುತ್ತು: ಹತ್ತಿದ ದಾರಿಯಲ್ಲಿ ಇಳಿಯದೆ

ಪಾಂಡವಪುರದ ಕುಂತಿ ಬೆಟ್ಟವನ್ನು ಒಂದು ಕಡೆಯಿಂದ ಹತ್ತಿ ಅದೇ ಕಡೆ ಇಳಿಯುವುದು ಒಂದು ಬೆಳಗಿನ ಸಣ್ಣ ಕೆಲಸ. ಬಂದವರು ಹೆಚ್ಚಾಗಿ ಹಾಗೇ ಮಾಡುತ್ತಾರೆ. ನಾನೂ ಐದಾರು ವರ್ಷ ಹಾಗೇ ಮಾಡಿದೆ. ಆಮೇಲೆ ಒಂದು ಆಸೆ ಹುಟ್ಟಿತು. ಎರಡೂ ಬೆಟ್ಟದ ನೆತ್ತಿ ಮುಟ್ಟಬೇಕು, ಹತ್ತಿದ ದಾರಿಯಲ್ಲಿ ಇಳಿಯಬಾರದು, ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಅದು ಸರಿಯಾಗಿ ಆಗಿದ್ದು ಮೂರನೇ ಸಲಕ್ಕೆ.

ಬೆಟ್ಟ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೈಸೂರಿನಿಂದ ಶ್ರೀರಂಗಪಟ್ಟಣ ದಾಟಿ ನಾಗಮಂಗಲದ ರಸ್ತೆ ಹಿಡಿದರೆ ಪಾಂಡವಪುರ ಸಿಗುತ್ತದೆ. ಊರಿಗೆ ಅಂಟಿಕೊಂಡ ಹಾಗೆ ಎರಡು ಬಂಡೆ ಬೆಟ್ಟಗಳು ನಿಂತಿವೆ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು, ಕುಂತಿಗೆ ಈ ಬೆಟ್ಟ ತುಂಬಾ ಹಿಡಿಸಿತು ಎಂದು ಕತೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರು. ಅದಕ್ಕೇ ಇಂಗ್ಲಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಹಳಬರ ಬಾಯಲ್ಲಿ ಇನ್ನೂ ಹಿರೋಡೆ ಎನ್ನುವ ಹೆಸರಿದೆ.

ಕೆಳಗೆ ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಭತ್ತ. ಮೇಲೆ ಬೋಳು ಬಂಡೆ. ಘಟ್ಟದ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಸೋತು ಹೋಗಿರುತ್ತದೆ. ಜನವರಿ ಹೊತ್ತಿಗೆ ಬೆಟ್ಟದ ಮೇಲೆ ಕಾಣುವುದು ಒಣಹುಲ್ಲು, ಕಳ್ಳಿ, ಕಾರೆ, ತಂಗಡಿ, ಅಲ್ಲಲ್ಲಿ ಎಲೆ ಉದುರಿದ ಸೀತಾಫಲದ ಗಿಡ. ಕುಡಿಯಲು ಒಂದು ತೊಟ್ಟು ನೀರು ಸಿಗುವುದಿಲ್ಲ. ಬಂಡೆಯ ಗುಂಡಿಗಳಲ್ಲಿ ನಿಂತಿದ್ದು ಕುಡಿಯುವಂಥದ್ದಲ್ಲ. ಎತ್ತರ ಕಡಿಮೆ ಎನ್ನುವುದೊಂದು ಬಿಟ್ಟರೆ ಮರುಭೂಮಿಯ ಬೆಟ್ಟಕ್ಕೂ ಇದಕ್ಕೂ ಕಷ್ಟದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಬಿಸಿಲು, ನೀರು, ಬಂಡೆ. ಮೂರರಲ್ಲಿ ಒಂದನ್ನು ಹಗುರವಾಗಿ ನೋಡಿದರೂ ತೊಂದರೆ.

ಮೊದಲ ಸಲ ನನ್ನ ಶೂ ಕೈಕೊಟ್ಟಿತು. ಬೀರುವಿನಲ್ಲಿ ನಾಲ್ಕು ವರ್ಷ ಜೋಪಾನವಾಗಿ ಇಟ್ಟಿದ್ದ ಒಳ್ಳೆಯ ಟ್ರೆಕ್ಕಿಂಗ್ ಶೂ. ನೋಡಲು ಹೊಸದರ ಹಾಗೇ ಇತ್ತು. ಮೊದಲ ಬೆಟ್ಟದ ಅರ್ಧಕ್ಕೆ ಬಂದಾಗ ಬಲಗಾಲಿನ ಅಟ್ಟೆ ಹಿಮ್ಮಡಿಯಿಂದ ಬಾಯಿ ಬಿಟ್ಟಿತು. ಹತ್ತು ಹೆಜ್ಜೆಯಲ್ಲಿ ಎಡಗಾಲಿನದೂ ಹೋಯಿತು. ಅಟ್ಟೆಯ ಒಳಗಿನ ಪಾಲಿಯುರೆಥೇನ್ ಎನ್ನುವ ಮೆತ್ತನೆಯ ಪ್ಲಾಸ್ಟಿಕ್, ಶೂ ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಪುಡಿಯಾಗುತ್ತದೆ ಎಂದು ಆಮೇಲೆ ತಿಳಿಯಿತು. ಟವೆಲ್ ಹರಿದು ಕಟ್ಟಿಕೊಂಡು ಇಳಿದೆ. ಈಗ ಹೊರಡುವ ಹಿಂದಿನ ವಾರ, ಬೆಟ್ಟಕ್ಕೆ ಹಾಕಿಕೊಂಡು ಹೋಗುವ ಶೂವನ್ನೇ ಹಾಕಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಸಾವಿರ ಮೆಟ್ಟಿಲು ತಾಳದ ಶೂ ಬಂಡೆಗೆ ಬೇಡ.

ಎರಡನೇ ಸಲ ಆಗಿದ್ದು ಅಷ್ಟು ಸಣ್ಣದಲ್ಲ. ನಾನು, ನನ್ನ ಸ್ನೇಹಿತ ಇಬ್ಬರೇ. ಫೆಬ್ರವರಿ ಕೊನೆ. ಮೈಸೂರು ಬಿಟ್ಟಿದ್ದೇ ಏಳೂವರೆಗೆ. ದಾರಿಯಲ್ಲಿ ಇಡ್ಲಿ ತಿಂದು ಬೆಟ್ಟದ ಬುಡಕ್ಕೆ ಬಂದಾಗ ಒಂಬತ್ತು. ತಲೆಗೊಂದು ಲೀಟರ್ ನೀರು. ಮೊದಲ ಬೆಟ್ಟ ಹತ್ತಿ, ನಡುವಿನ ಕಣಿವೆಗೆ ಇಳಿದು, ಎರಡನೆಯದರ ಮೈಮೇಲೆ ಒಂದು ಅಗಲವಾದ ಚಪ್ಪಡಿ ಹಿಡಿದೆವು. ಹತ್ತುವಾಗ ಸಲೀಸು. ಶೂ ಚೆನ್ನಾಗಿ ಕಚ್ಚುತ್ತಿತ್ತು. ಐವತ್ತು ಅಡಿ ಏರಿದ ಮೇಲೆ ಎದುರಿಗೆ ತಲೆಗಿಂತ ಎತ್ತರದ ಗೋಡೆ. ಹಿಡಿಯಲು ಒಂದು ಬಿರುಕೂ ಇಲ್ಲ. ತಿರುಗಿ ಕೆಳಗೆ ನೋಡಿದೆ. ಎದೆ ಝಲ್ ಎಂದಿತು. ಹತ್ತಿ ಬಂದ ಚಪ್ಪಡಿ ಇಳಿಯಲು ಬೇರೆಯೇ ಬಂಡೆಯ ಹಾಗೆ ಕಂಡಿತು.

ಹತ್ತುವಾಗ ಕಣ್ಣು ಮುಂದಿರುತ್ತದೆ, ಕೈ ಮುಂದಿರುತ್ತದೆ. ಇಳಿಯುವಾಗ ಕಾಲು ಎಲ್ಲಿಡಬೇಕೋ ಅದು ಕಾಣುವುದೇ ಇಲ್ಲ. ಅಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಹನ್ನೊಂದೂವರೆ ಆಯಿತು. ಬಂಡೆ ಕಾದು ಅಂಗೈ ಇಡಲಾಗದ ಹಾಗಾಯಿತು. ನೀರು ಮುಗಿಯಿತು. ಸ್ನೇಹಿತನ ಮೀನಖಂಡ ಹಿಡಿದುಕೊಂಡಿತು. ಆಮೇಲೆ ತಲೆನೋವು ಶುರುವಾಯಿತು. ಮಾತು ಕಡಿಮೆಯಾಯಿತು. ನನಗೆ ಹೆದರಿಕೆಯಾಗಿದ್ದು ಆಗ. ಸುಮ್ನೆ ಹೇಳುತ್ತಿಲ್ಲ, ಇವತ್ತಿಗೂ ನೆನಪಾದರೆ ಗಂಟಲು ಒಣಗುತ್ತದೆ.

ನಮ್ಮನ್ನು ಇಳಿಸಿದ್ದು ಒಬ್ಬ ಆಡು ಮೇಯಿಸುವವರು. ಕೆಳಗಿನಿಂದ ಕೂಗಿ, ಎಡಕ್ಕೆ ಸರಿಯಿರಿ, ಕಳ್ಳಿ ಬುಡಕ್ಕೆ ಬನ್ನಿ ಎಂದರು. ಅಂಡೂರಿ ಒಂದೊಂದೇ ಗೇಣು ಸರಿದು ಕಳ್ಳಿಯ ಬುಡ ಸೇರಿದೆವು. ಅಲ್ಲಿಂದ ಎರಡು ಬಂಡೆಗಳ ಸಂದಿನಲ್ಲಿ ಒಂದು ದಾರಿ ಇತ್ತು. ಅವರ ಡಬ್ಬಿಯಲ್ಲಿದ್ದ ಮಜ್ಜಿಗೆಯನ್ನು ಸ್ನೇಹಿತನಿಗೆ ಕುಡಿಸಿ, ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯನ್ನು ಕತ್ತಿಗೆ ಹಾಕಿದರು. ಅರ್ಧ ಗಂಟೆಯಲ್ಲಿ ಅವನು ಎದ್ದು ಕೂತ.

ಆ ಹಿರಿಯರು ಅವತ್ತು ಕಲಿಸಿದ್ದು ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಬಂಡೆಯ ಮೇಲೆ ಹಿಕ್ಕೆ ನೋಡು ಎಂದರು. ಆಡಿನ ಹಿಕ್ಕೆ ಬಿದ್ದ ಕಡೆ ದಾರಿ ಇದೆ ಎಂದು ಅರ್ಥ. ಆದರೆ ಆಡು ಹೋದ ಕಡೆಯೆಲ್ಲ ಮನುಷ್ಯ ಹೋಗಲಾಗದು, ಅಲ್ವಾ? ಹಿಕ್ಕೆಯ ಜೊತೆ ಬೀಡಿ ತುಂಡೋ, ಮುರಿದ ಕೊಂಬೆಯೋ, ಕುಡುಗೋಲಿನ ಗುರುತೋ ಕಂಡರೆ ಅದು ಆಡು ಕಾಯುವವನೂ ನಡೆದ ದಾರಿ. ಅದನ್ನು ನಂಬಬಹುದು. ಅದಾದ ಮೇಲೆ ನಾಲ್ಕು ಸಲ ಬರೀ ಕೆಳಗಿನಿಂದ ನೋಡಿ ಬರಲಿಕ್ಕೇ ಹೋದೆ. ಬೈನಾಕ್ಯುಲರ್ ಹಿಡಿದು ಕೂತು ಆಡುಗಳು ಎಲ್ಲಿ ಏರುತ್ತವೆ, ಎಲ್ಲಿ ತಿರುಗುತ್ತವೆ ಎಂದು ಕಾಗದದ ಮೇಲೆ ಗೀಚಿಕೊಂಡೆ.

ಮೂರನೇ ಸಲ ಇಡೀ ಸುತ್ತನ್ನು ತಿರುವುಮುರುವು ಮಾಡಿದೆವು. ಬೆಳಿಗ್ಗೆ ಪೂರ್ವದ ಮೈಗೆ ಮೊದಲು ಬಿಸಿಲು ಬೀಳುತ್ತದೆ. ಪಶ್ಚಿಮದ ಮೈ ಒಂಬತ್ತೂವರೆ, ಹತ್ತರವರೆಗೂ ತಣ್ಣಗಿರುತ್ತದೆ. ಕೈ ಊರಿ ಹತ್ತಬೇಕಾದ ಕಡಿದಾದ ಭಾಗಗಳನ್ನೆಲ್ಲ ಆ ನೆರಳಿಗೆ ಹಾಕಿಕೊಂಡೆವು. ಇಳಿಯಲು ಆಡಿನ ದಾರಿ. ಕಷ್ಟದ್ದನ್ನು ಹತ್ತು, ಸುಲಭದ್ದನ್ನು ಇಳಿ. ಸುತ್ತು ಹಾಕುವುದರ ಗುಟ್ಟು ಇಷ್ಟೇ ಎಂದು ನನಗೆ ಅನಿಸುತ್ತದೆ. ಜೊತೆಗೆ ಇನ್ನೊಂದು ಕಟ್ಟು ಹಾಕಿಕೊಂಡೆವು. ಯಾವುದೇ ಚಪ್ಪಡಿಯಲ್ಲಿ ಎರಡಾಳು ಎತ್ತರ ಏರಿದ ಕೂಡಲೇ ನಿಲ್ಲಬೇಕು, ನಾಲ್ಕು ಹೆಜ್ಜೆ ಇಳಿದು ನೋಡಬೇಕು. ಇಳಿಯಲು ಆದರೆ ಮಾತ್ರ ಮುಂದೆ.

ಜನವರಿ ಕೊನೆಯ ಒಂದು ಭಾನುವಾರ. ಬುಡದಿಂದ ಹೊರಟಿದ್ದು ಆರೂವರೆಗೆ, ಬೆಳಕು ಹರಿದ ಮೇಲೆ. ಕತ್ತಲಲ್ಲಿ ಹೋಗಬೇಡಿ. ಇದು ಚಿರತೆ ಓಡಾಡುವ ಸೀಮೆ. ಕಬ್ಬಿನ ಗದ್ದೆಗೂ ಬಂಡೆಗೂ ನಡುವೆ ಅವು ಸಂಜೆ, ಮುಂಜಾನೆ ತಿರುಗುತ್ತವೆ. ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಒಂದು ಮಾತು ಕೇಳಿಕೊಳ್ಳುವುದೂ ಒಳ್ಳೆಯದು.

ಈ ಸಲ ಮೂರು ಜನ. ಒಬ್ಬೊಬ್ಬರಿಗೂ ಮೂರು ಲೀಟರ್ ನೀರು, ಅದರಲ್ಲಿ ಒಂದು ಲೀಟರಿಗೆ ಉಪ್ಪು, ಬೆಲ್ಲ, ನಿಂಬೆ. ತಿನ್ನಲು ಚಿತ್ರಾನ್ನ, ಹುರಿದ ಕಡ್ಲೆಬೀಜ, ಎರಡು ಸೌತೆಕಾಯಿ. ಸೌತೆಕಾಯಿ ಭಾರ ಎಂದು ಬಿಡಬೇಡಿ. ಹತ್ತು ಗಂಟೆಯ ಬಿಸಿಲಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ನಾನು ಈ ಸುತ್ತಿನಲ್ಲಿ ನಾಲ್ಕು ತುದಿ ಲೆಕ್ಕ ಹಾಕುತ್ತೇನೆ. ಎರಡು ಬೆಟ್ಟಗಳ ನೆತ್ತಿ, ಮತ್ತೆ ಅವುಗಳ ಹೆಗಲ ಮೇಲೆ ಬೇರೆಯಾಗಿ ಎದ್ದು ನಿಂತ ಎರಡು ಬಂಡೆ ಗುಪ್ಪೆ. ಮೊದಲ ಗುಪ್ಪೆಯ ಕೆಳಗೇ ಒಂದು ಪಾಠ ಕಾದಿತ್ತು. ಬಂಡೆಯ ಮೈಯಿಂದ ಒಂದು ಹಲಗೆಯಂಥ ಪದರ ಎದ್ದಿತ್ತು. ಹಿಡಿಯಲು ಹೇಳಿ ಮಾಡಿಸಿದ ಹಾಗೆ ಅಂಚು. ಕೈ ಹಾಕುವ ಮುಂಚೆ ಗೆಣ್ಣಿನಿಂದ ತಟ್ಟಿದೆ. ಡೊಬ್ ಡೊಬ್ ಎಂದಿತು, ಖಾಲಿ ಗುಡಾಣ ತಟ್ಟಿದ ಹಾಗೆ. ಒಂದು ಮೊಳ ಪಕ್ಕಕ್ಕೆ ತಟ್ಟಿದೆ. ಅಲ್ಲಿ ಶಬ್ದವೇ ಇಲ್ಲ, ಗೆಣ್ಣಿಗೆ ನೋವು ಮಾತ್ರ. ಗ್ರಾನೈಟ್ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿದ್ದ ಭಾರ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದ ಮೇಲೆ ಒಳಗಿನ ಬಂಡೆ ಹಿಗ್ಗಿ ಸಿಪ್ಪೆ ಏಳುತ್ತದೆ. ಹಗಲಿನ ಕಾವು, ರಾತ್ರಿಯ ತಂಪು ಅದನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಡೊಬ್ ಎಂದ ಪದರಕ್ಕೆ ನೇತು ಬಿದ್ದರೆ ಅದು ಕೈಯಲ್ಲೇ ಬರುತ್ತದೆ. ಅವತ್ತು ಕಡಿಮೆ ಎಂದರೂ ಮೂವತ್ತು ಕಡೆ ತಟ್ಟಿರಬೇಕು. ಸಂಜೆ ಗೆಣ್ಣು ಕೆಂಪಾಗಿತ್ತು.

ಕಾಲಿಗೂ ಹಾಗೇ ಒಂದು ಕಲಿಕೆ ಬೇಕು. ಒಣ ಬಂಡೆ ಜಾರುವುದಿಲ್ಲ. ಜಾರುವುದು ಅದರ ಮೇಲಿನ ಗರಸು. ಬಂಡೆ ಪುಡಿಯಾಗಿ ಉದುರಿದ ಸಣ್ಣ ಹರಳು, ರಾಗಿ ಚೆಲ್ಲಿದ ಗಾರೆ ನೆಲದ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ. ಒಣಹುಲ್ಲೂ ಅಷ್ಟೇ, ಮೇಲಿನಿಂದ ಇಳಿಯುವಾಗ ಅದು ಜಾರುಬಂಡೆಯೇ. ಮಳೆನೀರು ಹರಿದು ಕಪ್ಪಾದ ಪಟ್ಟೆಗಳು ಒಣಗಿದ್ದರೆ ಪರವಾಗಿಲ್ಲ, ಇಬ್ಬನಿ ಬಿದ್ದ ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಇಡಬಾರದು. ಆ ಕಪ್ಪು ಪಾಚಿಯ ಜಾತಿಯದು. ತೇವ ತಾಕಿದರೆ ಸಾಬೂನು.

ಎರಡನೇ ಗುಪ್ಪೆಗೆ ನಾವು ಹಾಕಿಕೊಂಡ ದಾರಿ ಬಿಡಬೇಕಾಯಿತು. ಒಂದು ಚಾಚಿದ ಬಂಡೆಯ ಅಡಿಯಲ್ಲಿ ಮೂರು ಹೆಜ್ಜೇನಿನ ಹಲ್ಲೆ. ಹತ್ತಿರದ್ದು ಮೊರದಷ್ಟು ಅಗಲ ಇತ್ತು. ದೂರದಿಂದ ಬರೀ ಕಪ್ಪು ಕಲೆ. ಕಣ್ಣಿಟ್ಟು ನೋಡಿದರೆ ಅದರ ಮೈಮೇಲೆ ಅಲೆ ಎದ್ದ ಹಾಗೆ ಮಿಂಚು ಓಡುತ್ತಿತ್ತು. ಹುಳುಗಳು ಸಾಲಾಗಿ ಹೊಟ್ಟೆ ಎತ್ತಿ ಎಚ್ಚರಿಕೆ ಕೊಡುವುದು ಹಾಗೆ. ಮಾತಾಡದೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿದು, ಬೆಟ್ಟದ ಇನ್ನೊಂದು ಮಗ್ಗುಲಿಗೆ ಸುತ್ತಿ ಹೋದೆವು. ನಲವತ್ತು ನಿಮಿಷ ಜಾಸ್ತಿ ಹಿಡಿಯಿತು. ಹೆಜ್ಜೇನು ಎದ್ದರೆ ಬಂಡೆಯ ಮೇಲೆ ಓಡಲು ಜಾಗ ಎಲ್ಲಿದೆ? ಸೆಂಟ್ ಹಾಕಿಕೊಂಡು ಬರುವುದು, ಬೆಟ್ಟದ ಮೇಲೆ ಬೆಂಕಿ ಹಾಕುವುದು, ಜೋರಾಗಿ ಹಾಡು ಹಾಕುವುದು ದಯವಿಟ್ಟು ಮಾಡಬೇಡಿ. ನಿಮ್ಮ ಹಿಂದೆ ಬರುವವರ ಜೀವದ ಪ್ರಶ್ನೆ ಅದು.

ಎರಡನೇ ಬೆಟ್ಟದ ನೆತ್ತಿ ಮುಟ್ಟಿದಾಗ ಒಂಬತ್ತೂ ಮುಕ್ಕಾಲು. ವಾಯವ್ಯಕ್ಕೆ ತೊಣ್ಣೂರು ಕೆರೆ ಹೊಳೆಯುತ್ತಿತ್ತು. 1746ರಲ್ಲಿ ಇಲ್ಲಿಗೆ ಬಂದಿದ್ದ, ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಅದರ ತಿಳಿನೀರು ನೋಡಿ ಮೋತಿ ತಲಾಬ್ ಎಂದು ಕರೆದನಂತೆ. ಮೇಲಿನಿಂದ ನೋಡಿದರೆ ಆ ಹೆಸರು ಸುಳ್ಳಲ್ಲ ಅನಿಸುತ್ತದೆ. ಉತ್ತರಕ್ಕೆ ಮೇಲುಕೋಟೆಯ ಬೆಟ್ಟಸಾಲು. ದಕ್ಷಿಣಕ್ಕೆ ಮಬ್ಬಿನಲ್ಲಿ ಚಾಮುಂಡಿ. ಇದೇ ತಾಲ್ಲೂಕಿನ ಬೇಬಿ ಬೆಟ್ಟವನ್ನು ಕಲ್ಲು ಗಣಿಗಾರಿಕೆ ಕೊರೆದಿದ್ದನ್ನು ಹಿಂದೊಮ್ಮೆ ಹತ್ತಿರದಿಂದ ನೋಡಿದ್ದೆ. ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿಲೋಮೀಟರಿನಲ್ಲಿ ಗಣಿಗಾರಿಕೆ ನಿಲ್ಲಿಸಲು 2024ರ ಜನವರಿಯಲ್ಲಿ ಹೈಕೋರ್ಟ್ ಹೇಳಿದಾಗ ನಮ್ಮ ಮನೆಯಲ್ಲಿ ಸಿಹಿ ಮಾಡಿದ್ದೆವು. ಬೆಟ್ಟ ಮತ್ತೆ ಬೆಳೆಯುವುದಿಲ್ಲವಲ್ಲ.

ನೆತ್ತಿಯ ಮೇಲೆ ಚಿತ್ರಾನ್ನ ತಿನ್ನುವಾಗ ಒಂದು ಓತಿಕ್ಯಾತ ಪಕ್ಕದ ಬಂಡೆ ಏರಿ ಕೂತಿತು. ಬಂಡೆ ಕಾಯುತ್ತಾ ಬಂದ ಹಾಗೆ ಅದು ಬೆರಳು ಎತ್ತಿ ಹಿಮ್ಮಡಿಯ ಮೇಲೆ ನಿಂತಿತು. ನಾನು ಅಂಗೈ ಊರಿ ನೋಡಿದೆ. ಇನ್ನೂ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಇಳಿಯಲು ಸಮಯ ಇದೇ ಎಂದು ಎದ್ದೆವು.

ಇಳಿದಿದ್ದು ಆ ಕಳ್ಳಿಯ ಬುಡದ ಸಂದಿನಲ್ಲೇ. ಹಿಂದಿನ ಸಲ ಮಲಗಿದ್ದ ನೆರಳಿನ ಹತ್ತಿರ ಸ್ನೇಹಿತ ಒಂದು ನಿಮಿಷ ನಿಂತ. ಏನೂ ಹೇಳಲಿಲ್ಲ. ಬಾಟಲಿಯಲ್ಲಿ ಇನ್ನೂ ಅರ್ಧ ಲೀಟರ್ ನೀರಿತ್ತು, ಅದನ್ನು ನನಗೆ ತೋರಿಸಿದ. ಹತ್ತೂ ಮುಕ್ಕಾಲಿಗೆ ಗಾಡಿ ನಿಲ್ಲಿಸಿದ ಜಾಗದಲ್ಲಿದ್ದೆವು. ಮಜ್ಜಿಗೆ ಕೊಟ್ಟ ಹಿರಿಯರಿಗೆ ಎಂದು ಒಂದು ಸ್ಟೀಲ್ ಡಬ್ಬಿಯಲ್ಲಿ ಮೈಸೂರ್ ಪಾಕ್ ತಂದಿದ್ದೆವು. ಅವರು ಅವತ್ತು ಆಡು ಹೊಡೆದುಕೊಂಡು ಆಚೆ ಮಗ್ಗುಲಿಗೆ ಹೋಗಿದ್ದರು. ಹನ್ನೆರಡರವರೆಗೆ ಹುಣಸೆ ಮರದ ಕೆಳಗೆ ಕಾದು, ಡಬ್ಬಿ ಕೈಗೆ ಕೊಟ್ಟೇ ಹೊರಟೆವು.