ಫುಶಿಮಿ ಇನಾರಿ ಬೆಟ್ಟವನ್ನು ಹತ್ತುವ ಕ್ರಮ

ಓದಿಗೋ ಉದ್ಯೋಗಕ್ಕೋ ಕಾಸರಗೋಡಿನಿಂದ ಜಪಾನಿಗೆ ಹೋಗುವ ನಮ್ಮವರು ಕ್ಯೋಟೋದ ಫುಶಿಮಿ ಇನಾರಿ ದೇವಾಲಯಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಬೇಕು. ಕೇಸರಿಗೆಂಪು ಬಣ್ಣದ, ‘ತೋರಿ’ ಎಂಬ ದ್ವಾರಕಮಾನುಗಳ ನಡುವೆ ಫೋಟೋ ತೆಗೆಸಿಕೊಂಡು ಹಿಂದಿರುಗುವವರು ಬಹಳ. ಆದರೆ 233 ಮೀಟರ್ ಎತ್ತರದ ಇನಾರಿ ಬೆಟ್ಟವಿಡೀ ಅಲ್ಲಿಯವರಿಗೆ ಪವಿತ್ರ. ಭತ್ತದ ಬೆಳೆಯನ್ನೂ ವ್ಯಾಪಾರವನ್ನೂ ಕಾಯುವ ಇನಾರಿ ದೇವರು ಇಲ್ಲಿ 711ರಲ್ಲಿ ನೆಲೆನಿಂತನೆಂದು ಪ್ರತೀತಿ.

ಕ್ಯೋಟೋ ನಿಲ್ದಾಣದಿಂದ ಜೆಆರ್ (ಜಪಾನ್ ರೈಲ್ವೆ) ನಾರಾ ಮಾರ್ಗದ ಲೋಕಲ್ ರೈಲು ಹಿಡಿದರೆ ಎರಡನೆಯ ನಿಲ್ದಾಣವೇ ಇನಾರಿ. ದೇವಾಲಯಕ್ಕೆ ಪ್ರವೇಶಶುಲ್ಕವಿಲ್ಲ, ಅದನ್ನು ರಾತ್ರಿಯೂ ಮುಚ್ಚುವುದಿಲ್ಲ. ಜನಸಂದಣಿ ಬೇಡವಾದರೆ ಬೆಳಿಗ್ಗೆ ಏಳರೊಳಗೆ ತಲುಪಿರಿ. ಹೊಸವರ್ಷದ ದರ್ಶನಕ್ಕೆ ಜನ ಸೇರುವ ಜನವರಿಯ ಮೊದಲ ಮೂರು ದಿನ ಮಾತ್ರ ಕಾಲಿಡಲೂ ಜಾಗವಿರುವುದಿಲ್ಲ.

ನಮ್ಮ ದೇವಸ್ಥಾನಗಳಲ್ಲಿರುವಂತೆ ಅಂಗಣದಲ್ಲಿ ಪಾದರಕ್ಷೆಯನ್ನಾಗಲಿ ಅಂಗಿಯನ್ನಾಗಲಿ ಕಳಚಬೇಕಾಗಿಲ್ಲ. ಕಮಾನಿನ ಮುಂದೆ ಒಮ್ಮೆ ತಲೆಬಾಗಿ, ದೇವರ ದಾರಿಯೆನಿಸಿದ ನಡುಭಾಗವನ್ನು ಬಿಟ್ಟು ಬದಿಯಿಂದ ನಡೆಯಬೇಕು. ನೀರಿನ ತೊಟ್ಟಿಯ ಬಳಿ ಸೌಟನ್ನು ಬಲಗೈಯಲ್ಲಿ ಹಿಡಿದು ಎಡಗೈಯನ್ನು, ಕೈ ಬದಲಿಸಿ ಬಲಗೈಯನ್ನು ತೊಳೆದು, ಅನಂತರ ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಬೇಕು. ಸೌಟಿಗೆ ಬಾಯಿ ತಾಗಿಸುವುದು ತಪ್ಪು. ಅಂದು ಜಪಾನನ್ನು ಆಳುತ್ತಿದ್ದ ಸೇನಾನಾಯಕ ತೊಯೊತೊಮಿ ಹಿದೆಯೊಶಿ 1589ರಲ್ಲಿ ಕಟ್ಟಿಸಿಕೊಟ್ಟ ಮಹಾದ್ವಾರವನ್ನು ದಾಟಿದರೆ ಮುಖ್ಯ ಗುಡಿ. ಕಾಣಿಕೆ ಹಾಕಿ, ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮನಸ್ಸಿನಲ್ಲಿ ಪ್ರಾರ್ಥಿಸಿ, ಮತ್ತೊಮ್ಮೆ ಬಾಗುವುದು ಅಲ್ಲಿನ ಕ್ರಮ. ನರಿಯ ಶಿಲ್ಪಗಳು ಎಲ್ಲೆಡೆ ಕಾಣುತ್ತವೆ; ನರಿ ಇನಾರಿಯ ದೂತನೇ ಹೊರತು ದೇವರಲ್ಲ.

ಗುಡಿಯ ಹಿಂದೆ ಸಾವಿರ ಕಮಾನುಗಳ ಜೋಡಿದಾರಿ ಆರಂಭವಾಗುತ್ತದೆ. ಪ್ರತಿ ಕಮಾನಿನ ಹಿಂಬದಿಯಲ್ಲಿ ಹರಕೆ ಸಲ್ಲಿಸಿದವರ ಹೆಸರು ಕೆತ್ತಿರುವುದರಿಂದ ಆಗಾಗ ತಿರುಗಿ ನೋಡಿರಿ. ಅದರ ಕೊನೆಯಲ್ಲಿರುವ ಒಳಗುಡಿಯ ಬಳಿ ಕಲ್ಲಿನ ದೀಪಸ್ತಂಭಗಳಿವೆ. ಮನಸ್ಸಿನಲ್ಲಿ ಬೇಡಿಕೊಂಡು ಅವುಗಳ ತಲೆಗಲ್ಲನ್ನು ಎತ್ತಿದಾಗ ಅದು ಎಣಿಸಿದ್ದಕ್ಕಿಂತ ಹಗುರವೆನಿಸಿದರೆ ಬಯಕೆ ಈಡೇರುತ್ತದೆಂಬ ನಂಬಿಕೆಯಿದೆ. ಯೊತ್ಸುತ್ಸುಜಿ ಎಂಬ ಕೂಡುದಾರಿಯಿಂದ ನಗರ ಚೆನ್ನಾಗಿ ಕಾಣುತ್ತದೆ, ಹೆಚ್ಚಿನವರು ಅಲ್ಲಿಂದಲೇ ಮರಳುತ್ತಾರೆ. ನೀವು ಮರಳಬೇಡಿ. ಮುಂದಿನ ಸುತ್ತುದಾರಿಯಲ್ಲಿ ಭಕ್ತರು ಸ್ಥಾಪಿಸಿದ ಸಾವಿರಾರು ಸಣ್ಣ ಶಿಲಾಪೀಠಗಳಿವೆ. ನಾಗಬನದ ಕಲ್ಲುಗಳಿಗೆ ಕೈಮುಗಿದು ಬೆಳೆದ ನಮಗೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಶಿಖರವನ್ನು ಮುಟ್ಟಿ ಇಳಿದುಬರಲು ಒಟ್ಟು ಎರಡರಿಂದ ಮೂರು ಗಂಟೆ ಸಾಕು. ಜೂನ್, ಜುಲೈ ತಿಂಗಳ ಮಳೆಯಲ್ಲಿ ಮೆಟ್ಟಿಲುಗಳು ಜಾರುತ್ತವೆ.

ಸಸ್ಯಾಹಾರಿಗಳು ಬುತ್ತಿ ಒಯ್ಯುವುದು ಒಳ್ಳೆಯದು, ಏಕೆಂದರೆ ಅಲ್ಲಿ ಪ್ರಸಿದ್ಧವಾದ ಕಿತ್ಸುನೆ ಉದೋನ್ ಎಂಬ ನೂಡಲ್ಸ್ ಸಾರಿನಲ್ಲಿ ತೋಫು (ಸೋಯಾ ಪನೀರು) ಮಾತ್ರ ಕಂಡರೂ ಅದರ ಸಾರನ್ನು ಸಾಮಾನ್ಯವಾಗಿ ಒಣಮೀನಿನಿಂದಲೇ ಕಾಯಿಸಿರುತ್ತಾರೆ.